ನಾನೂರರ ಹಾಳೆ

ಹೊಸ ಪ್ಯಾಂಟನ್ನು ಹಳೆಯದು ಮಾಡುವುದು ನನ್ನ ಕಸುಬು.
ಕೌಲ್ ಬಜಾರಿನ ಶೆಡ್ಡಿನಲ್ಲಿ, ತಗಡಿನ ಕೆಳಗೆ,
ರಬ್ಬರಿನ ಕಾಲಿಗೆ ಜೀನ್ಸು ತೊಡಿಸಿ
ನಾನೂರರ ಉಪ್ಪುಕಾಗದ ಹಿಡಿದು ಉಜ್ಜುತ್ತೇನೆ,
ಯಾರೂ ಇನ್ನೂ ಊರಿಲ್ಲದ ಮೊಣಕಾಲು,
ಯಾರೂ ಇನ್ನೂ ಕೂತಿಲ್ಲದ ಕಟ್ಟೆಯ ಸವೆತ.
ಒಂದಕ್ಕೆ ನಾಲ್ಕು ರೂಪಾಯಿ.
ಸೂರತ್ತಿನ ಸೇಠು ಫೋಟೋ ಕಳಿಸುತ್ತಾನೆ:
ಇಷ್ಟು ಬೆಳ್ಳಗಾಗಲಿ, ಜಾಸ್ತಿ ಬೇಡ.
ಸಂಜೆ ಮೂಗು ಸೀದರೆ ನೀಲಿ.

ಗಾದಿಲಿಂಗನ ಇಂಡಿಕಾ ಮೊನ್ನೆ ಎಫ್‌ಸಿಗೆ ಹೋಗಿ ವಾಪಸ್ ಬಂತು.
ಸಾಹೇಬರು ದೀಪದ ಮೇಲೆ ಟಕ್ ಟಕ್ ಬಡಿದು
"ಇದೇನು, ತುಪ್ಪದ ಡಬ್ಬಿಯಾ?" ಅಂದರಂತೆ.
ಹದಿಮೂರು ಬೇಸಿಗೆ ಬಳ್ಳಾರಿಯ ಬಿಸಿಲಲ್ಲಿ ನಿಂತ ಗಾಡಿ,
ಸಂಡೂರಿನ ಕೆಂಪು ಧೂಳು ಕುಡಿದ ಗಾಡಿ.
ರಾತ್ರಿ ಸಿರುಗುಪ್ಪ ರೋಡಿನಲ್ಲಿ
ಬಂಡಿ ಕಾಣುವ ಮೊದಲು ಎತ್ತಿನ ಗೆಜ್ಜೆ ಕೇಳಿಸುತ್ತದೆ
ಅನ್ನುತ್ತಿದ್ದ, ನಕ್ಕೊಂಡೇ.
ಹೊಸ ಜೋಡಿಗೆ ಐದು ಸಾವಿರ ಚಿಲ್ಲರೆ.
ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದ್ದ ಒಮ್ಮೆ;
ಎರಡು ದಿನ ಪುದೀನದ ವಾಸನೆ, ಮೂರನೆಯ ದಿನ ಮತ್ತೆ ತುಪ್ಪ.

"ನಮ್ಮಜ್ಜಿ ಕಣ್ಣಿನ ಪೊರೆ ಇದ್ದಂಗೈತಲ್ಲಕ್ಕಾ" ಅಂದ.
ಅಲ್ಲಲೇ, ಅಂದೆ. ಪೊರೆ ಬೆಳೆಯುವುದು ಒಳಗೆ.
ಇದು ಹೊರಗಿನದು.
ಹೊರಗಿನದು ನನ್ನ ಕೈಗೆ ಗೊತ್ತು.

ಭಾನುವಾರ. ಬೇವಿನ ನೆರಳು ಬಾನೆಟ್ಟಿನ ಅರ್ಧಕ್ಕೆ ಮಾತ್ರ.
ಬಣ್ಣ ಕೆಡದಂತೆ ದೀಪದ ಸುತ್ತ ಟೇಪು ಅಂಟಿಸಿ
ಬಕೆಟ್ಟಿನಲ್ಲಿ ಹಾಳೆ ನೆನೆಸಿದೆ.
ನಾನೂರರದು ಶೆಡ್ಡಿನದೇ, ಸೊಂಟಕ್ಕೆ ಸಿಕ್ಕಿಸಿ ತಂದದ್ದು;
ಸಾವಿರದ್ದು, ಎರಡು ಸಾವಿರದ್ದು ಪೇಂಟಿನ ಅಂಗಡಿಯಲ್ಲಿ ಕೊಂಡದ್ದು.
ಅಡ್ಡಡ್ಡ, ಒಂದೇ ದಿಕ್ಕಿಗೆ, ನೀರು ಬಿಡುತ್ತ.

ಮೊದಲು ಇಳಿದದ್ದು ಹಳದಿ ನೀರು,
ಅರಿಶಿನ ಕಲಸಿದಂತೆ, ಬಂಪರಿನಿಂದ ಜಾರಿ ಮಣ್ಣಿಗೆ.
ಆಮೇಲೆ ಹಾಲು.
ಒರೆಸಿ ನೋಡಿದರೆ ದೀಪ ಪೂರಾ ಕುರುಡು,
ಇದ್ದದ್ದೂ ಹೋಗಿ ಮಜ್ಜಿಗೆಯ ಬಿಳುಪು.
ಗಾದಿಲಿಂಗ ತಲೆ ಮೇಲೆ ಕೈ ಹೊತ್ತ.
"ಕೆಡಿಸಿಬಿಟ್ಟೆಲ್ಲಕ್ಕಾ."
ಕೈ ಒಂದು ಗಳಿಗೆ ನಿಂತಿತು, ಸುಳ್ಳು ಹೇಳುವುದಿಲ್ಲ.
ಶೆಡ್ಡಿನಲ್ಲಿ ಇಲ್ಲಿಗೆ ನಿಲ್ಲಿಸಬೇಕು:
ಬೆಳ್ಳಗಾಯಿತೋ, ಮುಗಿಯಿತು, ಮುಂದಿನ ಪ್ಯಾಂಟು.
ಆರು ವರ್ಷ ಇಲ್ಲೇ ನಿಲ್ಲಿಸಿ ರೂಢಿಯಾದ ಭುಜ
ಇದರಾಚೆ ಏನಿದೆ ಅಂತ ಕೇಳಿರಲಿಲ್ಲ.

ಸಾವಿರದ್ದು ತಗೊಂಡೆ. ಈ ಸಲ ಉದ್ದುದ್ದ.
ಹಿಂದಿನ ಗೀರನ್ನು ಮುಂದಿನ ಗೀರು ತಿನ್ನಬೇಕು,
ಅದನ್ನು ಇನ್ನೂ ಸಣ್ಣದು.
ಎರಡು ಸಾವಿರದ್ದು ಕೈಗೆ ಕಾಗದವೇ ಅನ್ನಿಸಲಿಲ್ಲ,
ಕರುವಿನ ಕಿವಿಯಂತಿತ್ತು.
ಪಾಲಿಶು ಹಚ್ಚಿ ಹಳೆ ಬನಿಯನ್ನಿನಿಂದ ಸುತ್ತ ತಿಕ್ಕುವಾಗ
ಒಳಗಿನ ಬಲ್ಬಿನ ತಂತಿ ಕಂಡಿತು.
ಅದರ ಹಿಂದೆ ಬೆಳ್ಳಿಯ ಬಟ್ಟಲು.
ಬಟ್ಟಲಲ್ಲಿ ತಲೆಕೆಳಗಾದ ಬೇವು, ನಾನು,
ಮೂಗಿನ ತುದಿಗೆ ನಿನ್ನೆಯ ನೀಲಿ.

ಹೊತ್ತು ಮುಳುಗಿತ್ತು. ಅಷ್ಟರಲ್ಲಿ ಫೋನು:
ಸ್ಟೇಷನ್ನಿನಲ್ಲಿ ಪ್ಯಾಸೆಂಜರು, ಕುರುಗೋಡಿಗೆ, ಈಗಲೇ.
ಎಡಗಡೆಯದು ಹಾಗೇ ಇದೆ, ಲ್ಯಾಕರೂ ಹೊಡೆದಿಲ್ಲ,
ಹೊಡೆಯದಿದ್ದರೆ ಎರಡು ತಿಂಗಳಿಗೆ ಮತ್ತೆ ತುಪ್ಪ ಕಣೋ, ಅಂದೆ.
ಬಂದು ಹೊಡೆಯೋಣಕ್ಕಾ, ಅಂತ ಟೇಪು ಕಿತ್ತು ಹೊರಟೇಬಿಟ್ಟ.
ಗಲ್ಲಿಯ ಕೊನೆಗೆ ತಿರುಗುವಾಗ
ಬಲದ ಬೆಳಕು ಶಮೀಮಕ್ಕನ ಗೋಡೆಯ
ಒಂದೊಂದೇ ಇಟ್ಟಿಗೆ ಎಣಿಸಿತು.
ಎಡದ್ದು ಅದರ ಪಕ್ಕ, ಊದುಬತ್ತಿಯ ತುದಿ.

ಸೋಮವಾರ ಸೂಪರ್‌ವೈಸರು ಹಾಳೆ ಎಣಿಸಿದ.
ಒಂದು ಕಮ್ಮಿ ಐತಲ್ಲ?
ಸವೆದುಹೋಯಿತು ಅಂದೆ.
ರಬ್ಬರಿನ ಕಾಲಿಗೆ ಪ್ಯಾಂಟು ತೊಡಿಸಿದೆ.
ಬೆಳ್ಳಗಾದ ಮೇಲೂ ಕೈ ಹೋಗುತ್ತಲೇ ಇತ್ತು,
ಆಚೆ ಏನೋ ಇರುವಂತೆ,
ಮೊಣಕಾಲು ತೂತುಬೀಳುವ ತನಕ.
ಎತ್ತಿ ಹಿಡಿದು ನೋಡಿದ.
ಹರಿದದ್ದರ ಆರ್ಡರು ಬೇರೆ ಐತೆ, ಅದರಾಗ ಹಾಕು, ಅಂದ.
ಅದಕ್ಕೆ ಆರು ರೂಪಾಯಿ.